ಪಿಎಫ್ ಬಿಡಿಸಿಕೊಳ್ಳಲು ಬಂದವರು

ಹಾಸನದ ನಮ್ಮ ಬೀದಿಯ ತುದಿಯಲ್ಲಿ ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹಾರ್ನ್ ಹೊಡೆದರೆ ಈಗಲೂ ನನ್ನ ಕೈ ಕಾಫಿ ಲೋಟ ಕೆಳಗಿಟ್ಟು ಬ್ಯಾಗು ಹುಡುಕುತ್ತದೆ. ನಿವೃತ್ತಿಯಾಗಿದೆ ಎಂದು ಕೈಗೆ ಯಾರೂ ಹೇಳಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಮತ್ತೆ ಲೋಟ ಎತ್ತಿಕೊಳ್ಳುತ್ತೇನೆ. ಅಷ್ಟರಲ್ಲಿ ಕಾಫಿ ಆರಿ ತಣ್ಣಗಾಗಿರುತ್ತದೆ.

ನಾನು ಕೂರುತ್ತಿದ್ದ ಕುರ್ಚಿಗೆ ಈಗ ಕಾವ್ಯ ಎಂಬ ಹುಡುಗಿ ಬಂದಿದ್ದಾಳೆ. ಎಂ.ಕಾಂ. ಓದಿದವಳು, ಚುರುಕು. ಮೊನ್ನೆ ಫೋನು ಮಾಡಿ, "ಮೇಡಂ, ಈ ಕೆಲಸದಲ್ಲಿ ನಾನು ಮುಖ್ಯವಾಗಿ ಏನು ತಿಳ್ಕೋಬೇಕು?" ಎಂದು ಕೇಳಿದಳು. ನಿಯಮವೆಲ್ಲ ಕಂಪ್ಯೂಟರಿನಲ್ಲೇ ಇದೆಯಲ್ಲಮ್ಮ ಎಂದೆ. "ನಿಯಮ ಓದಿದೀನಿ ಮೇಡಂ. ಆದರೆ ಇಲ್ಲಿಗೆ ಬರೋ ಹೆಂಗಸರು ನಿಯಮ ಕೇಳೋಕೆ ಬರಲ್ಲ" ಎಂದಳು. ಪರವಾಗಿಲ್ಲ, ಈ ಹುಡುಗಿ ಕೆಲಸಕ್ಕೆ ಬರುತ್ತಾಳೆ ಅನ್ನಿಸಿತು. ಇದನ್ನು ಅವಳಿಗೆಂದೇ ಬರೆಯುತ್ತಿದ್ದೇನೆ. ಬಡ್ತಿ, ಬಹುಮಾನದ ವಿಷಯ ಇದರಲ್ಲಿ ಇಲ್ಲ. ಬಡ್ತಿ ನನಗೆ ಸಿಕ್ಕಿದ್ದೂ ಕಡಿಮೆ.

ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನವಳು, ಹೆಸರು ವನಜಾಕ್ಷಿ. ಬಿ.ಕಾಂ. ಮುಗಿಸಿದ ಮೇಲೆ ಮೊದಲು ಸೇರಿದ್ದು ಹೊಳೆನರಸೀಪುರದ ಒಬ್ಬ ಆಡಿಟರ ಕಚೇರಿಗೆ. ಮಾರ್ಚ್ ತಿಂಗಳು ಬಂತೆಂದರೆ ಅಲ್ಲಿ ಅಂಗಡಿ ಸಾಹುಕಾರರು, ರೈಸ್‌ಮಿಲ್ಲಿನವರು ಸಾಲಾಗಿ ಬಂದು ಕೂರುತ್ತಿದ್ದರು. "ಎಲ್ಲಿ ಎಷ್ಟು ಕಟ್ಟಿದ್ರೆ ಎಷ್ಟು ಉಳೀತದೆ ಹೇಳವ್ವ" ಎನ್ನುತ್ತಿದ್ದರು. ವಿಮೆ, ಉಳಿತಾಯ ಪತ್ರ, ಭವಿಷ್ಯ ನಿಧಿ ಎಂದು ನಾನು ಬರೆದುಕೊಡುತ್ತಿದ್ದೆ. ಮುಪ್ಪಿಗೆಂದು ಉಳಿಸಿದವನಿಗೆ ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟು ಬೆನ್ನು ತಟ್ಟುತ್ತದೆ ಎಂಬುದು ಅಲ್ಲಿ ನಾನು ಕಲಿತ ಪಾಠ. ಆಮೇಲೆ ಹಾಸನದ ಗಾರ್ಮೆಂಟ್ ಕಾರ್ಖಾನೆಗೆ ಪಿಎಫ್ ನೋಡಿಕೊಳ್ಳುವ ಕೆಲಸಕ್ಕೆ ಬಂದೆ. ಪಾಠದ ಇನ್ನೊಂದು ಮಗ್ಗುಲು ಇಲ್ಲಿ ಕಂಡಿತು.

ಕೆಲಸಗಾರರ ಸಂಬಳದಲ್ಲಿ ತಿಂಗಳು ತಿಂಗಳು ಒಂದಿಷ್ಟು ಹಿಡಿದು, ಮಾಲೀಕರೂ ಒಂದು ಪಾಲು ಸೇರಿಸಿ ಕಟ್ಟುವ ದುಡ್ಡು ಪಿಎಫ್. ಅದು ಮುಪ್ಪಿನ ಕಾಲಕ್ಕೆ ಎಂದು ಕಾನೂನು ಹೇಳುತ್ತದೆ. ನಮ್ಮ ಹೆಂಗಸರು ಮಾತ್ರ ಅದನ್ನು ಹಾಗೆ ಎಂದೂ ತಿಳಿಯಲಿಲ್ಲ. ಅಡವಿಟ್ಟ ಒಡವೆಗೆ ಯಾವ ಮಾತು ಬಳಸುತ್ತಾರೋ ಅದನ್ನೇ ಇದಕ್ಕೂ ಬಳಸುತ್ತಿದ್ದರು. "ಅಕ್ಕಾ, ನನ್ ಪಿಎಫ್ ಬಿಡಿಸ್ಕೊಡಿ." ತಮ್ಮದೇ ವಸ್ತು ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಬಿಡಿಸಿಕೊಂಡು ಬರಬೇಕು, ಅಷ್ಟೆ. ಹೀಗಾಗಿ ನಾನು ಎಲ್ಲರ ಬಾಯಲ್ಲಿ ಪಿಎಫ್ ಅಕ್ಕ ಆದೆ. ನನಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು.

ಪೂರ್ತಿ ದುಡ್ಡು ಬೇಕಾದರೆ ಕೆಲಸ ಬಿಡಬೇಕು, ಬಿಟ್ಟು ಎರಡು ತಿಂಗಳು ಮನೆಯಲ್ಲಿ ಕೂರಬೇಕು. ಆಮೇಲೆ ಅರ್ಜಿ. ಇದಕ್ಕೆ ಹೆಂಗಸರು ಒಂದು ಪದ್ಧತಿಯನ್ನೇ ಮಾಡಿಕೊಂಡಿದ್ದರು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ನಮ್ಮಲ್ಲಿ ಹೆಂಗಸರೂ ಹಾಗೇ ಹೋಗುತ್ತಿದ್ದರು. ಶಿವರಾತ್ರಿಗೆ ರಾಜೀನಾಮೆ ಕೊಟ್ಟರೆ ವೈಶಾಖದ ಮದುವೆಗೆ ದುಡ್ಡು ಕೈಗೆ. ಮದುವೆ ಮುಗಿಸಿ ಆಷಾಢದಲ್ಲಿ ಮತ್ತೆ ಗೇಟಿನ ಮುಂದೆ ಹಾಜರು, ಹೊಸ ಕೆಲಸಗಾರ್ತಿಯಾಗಿ. ಇದಕ್ಕೆ "ಪಿಎಫ್ ರಜೆ" ಎಂದೇ ಹೆಸರು. ಸಾಲದವನ ಮನೆ ಬಾಗಿಲು ಕಾಯದೆ, ಯಾರ ಮುಂದೆಯೂ ಹಲ್ಲು ಗಿಂಜದೆ ಸಿಗುವ ದುಡ್ಡು ಅದೊಂದೇ ಆಗಿತ್ತು. ಅದನ್ನು ತಪ್ಪು ಅನ್ನಲು ನನಗೆ ಎಂದೂ ಬಾಯಿ ಬರಲಿಲ್ಲ.

ಮುಳ್ಳು ಇದ್ದದ್ದು ಬೇರೆ ಕಡೆ. ಐದು ವರ್ಷ ಒಂದೇ ಸಮ ಕೆಲಸ ಮಾಡದೆ ಬಿಡಿಸಿಕೊಂಡರೆ, ಮೊತ್ತ ಒಂದು ಮಿತಿ ದಾಟಿದ್ದರೆ, ತೆರಿಗೆ. ನಿಯಮ ಮೊದಲೂ ಇತ್ತು, ಆದರೆ ಕೇಳುವವರಿರಲಿಲ್ಲ. ನಾನು ಬಂದು ಕೆಲವು ವರ್ಷಗಳಾದ ಮೇಲೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ಕ್ರಮ ಬಂತು. ಪಾನ್ ಕಾರ್ಡ್ ಇದ್ದರೆ ಸ್ವಲ್ಪ ಮುರಿಯುತ್ತಾರೆ, ಇಲ್ಲದಿದ್ದರೆ ದೊಡ್ಡ ತುಂಡೇ ಹೋಗುತ್ತದೆ.

ಈ ವಿಷಯ ಎಲ್ಲರಿಗೂ ತಿಳಿಯಲಿ ಎಂದು ನಾನು ಊಟದ ಹಾಲಿನ ಗೋಡೆಗೆ ದಪ್ಪ ಅಕ್ಷರದಲ್ಲಿ ಒಂದು ಸೂಚನೆ ಬರೆದು ಅಂಟಿಸಿದೆ. ಐದು ವರ್ಷಕ್ಕೆ ಮುಂಚೆ ಬಿಡಿಸಿದರೆ ತೆರಿಗೆ, ದಯವಿಟ್ಟು ತಾಳ್ಮೆಯಿಂದಿರಿ ಎಂದು. ಮಾರನೆಯ ಬೆಳಿಗ್ಗೆ ನನ್ನ ಮೇಜಿನ ಮುಂದೆ ಜಾತ್ರೆ. ಒಂದು ಹೊಲಿಗೆ ಲೈನಿನ ಅರ್ಧದಷ್ಟು ಹೆಂಗಸರು ರಾಜೀನಾಮೆ ಹಿಡಿದು ನಿಂತಿದ್ದರು. "ಇವತ್ತು ತೆರ್ಗೆ ಅಂತವ್ರೆ, ನಾಳೆ ಎಲ್ಲಾನೂ ನುಂಗಾಕ್ತಾರೆ ಕಣಕ್ಕ, ಇವತ್ತೇ ಬಿಡಿಸ್ಬುಡಿ" ಎಂದು ಗಲಾಟೆ. ನಮ್ಮ ಮೇಲಧಿಕಾರಿ ರಂಗಸ್ವಾಮಿ ಸರ್ ಕೋಣೆಯಿಂದ ಹೊರಬಂದು ನೋಡಿ, ಗೋಡೆಯ ಸೂಚನೆಯನ್ನು ತಾವೇ ಕಿತ್ತು ನನ್ನ ಕೈಗಿಟ್ಟರು. "ಏನ್ರೀ ವನಜಾಕ್ಷಿ, ಕಾರ್ಖಾನೆ ಮುಚ್ಚಿಸೋ ಯೋಚನೆ ಇದೆಯಾ?" ಅವರ ಬೈಗುಳದಲ್ಲಿ ಯಾವಾಗಲೂ ಅರ್ಧ ನಗು ಬೆರೆತಿರುತ್ತಿತ್ತು. ಅಂದಿನಿಂದ ನಾನು ಗೋಡೆಗೆ ಏನನ್ನೂ ಅಂಟಿಸಲಿಲ್ಲ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳತೊಡಗಿದೆ. ಕಾವ್ಯ, ನೀನೂ ಹಾಗೇ ಮಾಡು.

ಹಾಗೆ ಕೂರಿಸಿಕೊಂಡವರಲ್ಲಿ ಒಬ್ಬಳು ಕಟ್ಟಾಯದ ಪುಟ್ಟತಾಯಿ. ಅವಳನ್ನು ನೆನೆದರೆ ಇಸ್ತ್ರಿ ವಿಭಾಗದ ಬಿಸಿ ಹಬೆಯ ವಾಸನೆ ಈಗಲೂ ಮೂಗಿಗೆ ಬರುತ್ತದೆ. ಅಲ್ಲಿ ಹೆಲ್ಪರ್ ಆಗಿ ಸೇರಿ, ನೋಡಿ ನೋಡಿಯೇ ಹೊಲಿಗೆ ಕಲಿತು ಟೈಲರ್ ಆದವಳು. ಮೊದಲ ಸಲ ಮೇಜಿನ ಹತ್ತಿರ ಬಂದಾಗ ಅವಳಿಗೆ ಏನೂ ಬಿಡಿಸಬೇಕಾಗಿರಲಿಲ್ಲ.

"ಅಕ್ಕಾ, ನನ್ ದುಡ್ಡ ಒಂದ್ ಕಿತ ತೋರ್ಸಿ" ಎಂದಳು.

"ದುಡ್ಡು ಇಲ್ಲಿಲ್ಲ ಕಣಮ್ಮ. ಇರೋದು ಲೆಕ್ಕ."

"ಲೆಕ್ಕನೇ ತೋರ್ಸಿ ಮತ್ತೆ."

ಕಂಪ್ಯೂಟರಿನಲ್ಲಿ ತೆರೆದು ತೋರಿಸಿದೆ. ಬೆರಳಿನಿಂದ ಅಂಕಿಯನ್ನು ಮುಟ್ಟಿದಳು. ಗಾಜಿನ ಮೇಲೆ ಗುರುತು ಬಿತ್ತೆಂದು ಸೆರಗಿನಿಂದ ಒರೆಸಿದಳು. ಇಷ್ಟು ದುಡ್ಡು ಏನು ಮಾಡುತ್ತೀ ಎಂದು ಸುಮ್ಮನೆ ಕೇಳಿದೆ.

"ಐವತ್ತಾಗದ್ರೊಳ್ಗೆ ಮಿಷಿನ್ ಬುಟ್ಟು ಮನೇಲ್ ಕುಂತ್ಕೋಬೇಕು ಕಣಕ್ಕ. ಗಂಟೆ ನೋಡ್ದಂಗೆ ಒಂದೊತ್ತು ಕುಂತ್ಕೊಂಡು ಉಣ್ಬೇಕು. ಬ್ಯಾರೆ ಏನೂ ಬ್ಯಾಡ."

ನಮ್ಮಲ್ಲಿ ಊಟಕ್ಕೆ ಅರ್ಧ ಗಂಟೆ. ಕೈ ತೊಳೆಯುವ ಸಾಲು, ಡಬ್ಬಿ ತೆಗೆಯುವುದು, ಮತ್ತೆ ಕೈ ತೊಳೆಯುವ ಸಾಲು. ಬೆಲ್ಲು ಹೊಡೆಯುವಾಗ ಬಾಯಲ್ಲಿ ತುತ್ತು ಇಲ್ಲದವಳು ಪುಣ್ಯವಂತೆ. ಆದ್ದರಿಂದ ಅವಳ ಆಸೆ ನನಗೆ ಸಣ್ಣದೆನಿಸಲಿಲ್ಲ. ಅಂದಿನಿಂದ ಅವಳು ತನ್ನ ಡಬ್ಬಿಯನ್ನು ನನ್ನ ಮೇಜಿನ ಬಳಿಗೇ ತರತೊಡಗಿದಳು. ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ನನ್ನ ಚಪಾತಿ ನೋಡಿ, "ಇದೇನಕ್ಕ, ಕಾಯ್ಲೆಯವ್ರ ಊಟ" ಎಂದು ತನ್ನ ಮುದ್ದೆಯಲ್ಲಿ ಒಂದು ಚೂರು ಮುರಿದು ಇಡುತ್ತಿದ್ದಳು. ನಾನು ಮದುವೆಯಾಗದವಳು, ಬಾಡಿಗೆ ಮನೆಯಲ್ಲಿ ಒಬ್ಬಳೇ. ಎದುರಿಗೆ ಒಬ್ಬರು ಕೂತು ತಟ್ಟೆಗೆ ಇಕ್ಕುವುದು ನನಗೆ ಆ ಅರ್ಧ ಗಂಟೆಯಲ್ಲಿ ಮಾತ್ರ ಸಿಗುತ್ತಿತ್ತು.

ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಒಂದು ಶಿವರಾತ್ರಿಯ ಹೊತ್ತಿಗೆ ದೊಡ್ಡವಳಿಗೆ ಗಂಡು ಗೊತ್ತಾಯಿತು. ಪುಟ್ಟತಾಯಿ ನಗುನಗುತ್ತ ರಾಜೀನಾಮೆ ತಂದಳು.

"ಇನ್ನೊಂದಾರು ತಿಂಗಳು ತಡಿ ಪುಟ್ಟತಾಯಿ. ಐದು ವರ್ಷ ತುಂಬುತ್ತೆ. ಈಗ ಬಿಡಿಸಿದ್ರೆ ತೆರಿಗೆ ಮುರ್ಕೋತಾರೆ" ಎಂದೆ.

"ನನ್ ದುಡ್ಡಿಗೆ ನಾನೇ ತೆರ್ಗೆ ಕಟ್ಟಾದಾ?"

"ಹೌದು. ಕೆಲಸ ಬಿಡದೆ ಮದುವೆಗೆ ಅಂತ ಸ್ವಲ್ಪ ತೆಗೀಬಹುದು. ಆದರೆ ಅದಕ್ಕೆ ಏಳು ವರ್ಷ ಆಗಿರಬೇಕು."

"ಗಂಡು ಅಷ್ಟ್ ದಿನ ಕಾಯ್ತಾನಾ ಅಕ್ಕಾ?"

ಸುತ್ತ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆ ನಿಯಮ ಈಚೆಗೆ ಸಡಿಲವಾಗಿದೆಯೆಂದು ಕೇಳಿದ್ದೇನೆ, ಒಳ್ಳೆಯದಾಯಿತು. ಆಗ ಇದ್ದದ್ದು ಹಾಗೆ.

ಹೋಗಲಿ, ಒಂದು ಪಾನ್ ಕಾರ್ಡಾದರೂ ಮಾಡಿಸು, ಅದರ ಜೊತೆಗೊಂದು ಫಾರಂ ಕೊಟ್ಟರೆ ಮುರಿಯುವುದು ನಿಲ್ಲಬಹುದು ಎಂದೆ. ಅವಳ ನಗು ಅಲ್ಲಿಗೇ ನಿಂತಿತು.

"ಅದೊಂದ್ ಮಾತ್ರ ಬ್ಯಾಡಕ್ಕ. ಪಾನ್ ಕಾರ್ಡ್ ಮಾಡ್ಸಿದ್ರೆ ಸಾವ್ಕಾರ್ರ ಲೆಕ್ಕಕ್ಕೆ ಸೇರ್ಸಿ ರೇಶನ್ ಕಾರ್ಡ್ ಕಿತ್ಕೊತಾರಂತೆ. ನಮ್ಮನೇವ್ರಿಗೆ ಮೈಸೂರಲ್ಲಿ ಎದೆ ಕುಯ್ದಿದ್ದು ಆ ಕಾರ್ಡಲ್ಲಿ. ಅವ್ರು ಉಸ್ರಾಡ್ತಾ ಇರೋದೇ ಅದ್ರಿಂದ."

ಹಾಗೆಲ್ಲ ಏನೂ ಆಗುವುದಿಲ್ಲ, ಯಾರೋ ಹಬ್ಬಿಸಿದ ಮಾತು ಎಂದು ನಾನು ಎಷ್ಟು ಹೇಳಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡನ ಜೀವದ ಪ್ರಶ್ನೆಯಲ್ಲಿ ನನ್ನ ಬಿ.ಕಾಂ.ಗೆ ಏನು ಬೆಲೆ?

ದುಡ್ಡು ಬಂತು. ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮುರಿದುಹೋಗಿತ್ತು. ಪಾಸ್‌ಬುಕ್ ಹಿಡಿದು ನನ್ನ ಮನೆಗೇ ಬಂದಳು. ಅಳಲಿಲ್ಲ, ಬೈಯಲಿಲ್ಲ. "ಸಾವ್ಕಾರ್ರಿಗೂ ಇಷ್ಟೇ ಮುರೀತಾರಾ ಅಕ್ಕ?" ಎಂದು ಮಾತ್ರ ಕೇಳಿದಳು. ಹೊಳೆನರಸೀಪುರದಲ್ಲಿ ಸಾಹುಕಾರರ ಲೆಕ್ಕ ಬರೆದು ಬಂದವಳು ನಾನು. ಉತ್ತರ ಗೊತ್ತಿತ್ತು. ಹೇಳಲು ನಾಚಿಕೆಯಾಯಿತು. ಮಗಳಿಗೆಂದು ಆಸೆಪಟ್ಟು ಅಕ್ಕಸಾಲಿಗನ ಹತ್ತಿರ ಅಳತೆ ಕೊಟ್ಟಿದ್ದ ಓಲೆ ಜುಮುಕಿಯನ್ನು ಅವಳು ಬಿಟ್ಟುಕೊಡಬೇಕಾಯಿತು. ಆ ಹುಡುಗಿ ಅಂಗಡಿಯ ಗಿಲೀಟಿನ ಜುಮುಕಿ ಹಾಕಿಕೊಂಡು ಧಾರೆಗೆ ಕೂತಿದ್ದನ್ನು ನಾನೇ ನೋಡಿದ್ದೇನೆ.

ನನಗೆ ಸಿಟ್ಟು ನೆತ್ತಿಗೇರಿತು. ಮುಂದಿನ ಸಲ ಪಿಎಫ್ ಕಚೇರಿಗೆ ಹೋದಾಗ ಅಲ್ಲಿದ್ದ ಒಬ್ಬರನ್ನು ಕೇಳಿಯೇಬಿಟ್ಟೆ. "ಸರ್, ಕಟ್ಟುವಾಗ ರಿಯಾಯಿತಿ ಕೊಟ್ಟಿರ್ತೀವಿ, ಮಧ್ಯೆ ಮುರಿದರೆ ವಾಪಸ್ ತಗೋತೀವಿ, ಅದಕ್ಕೇ ಈ ತೆರಿಗೆ ಅಂತೀರಿ. ಈಯಮ್ಮನ ಸಂಬಳ ತೆರಿಗೆಯ ಹತ್ತಿರವೂ ಸುಳಿದಿಲ್ಲ. ರಿಯಾಯಿತಿಯನ್ನೇ ತಗೊಳ್ಳದವಳಿಂದ ಏನನ್ನು ವಾಪಸ್ ತಗೋತೀರಿ?" ಅವರು ಕನ್ನಡಕ ತೆಗೆದು, "ಮೇಡಂ, ನಿಮ್ಮ ಮಾತು ಸರಿ. ಆದರೆ ನಿಯಮ ಮುಖ ನೋಡಲ್ಲ. ರಿಟರ್ನ್ ಹಾಕಿಸಿ, ಮುರಿದದ್ದು ವಾಪಸ್ ಬರುತ್ತೆ" ಎಂದರು. ಒಳ್ಳೆಯ ಮನುಷ್ಯರೇ. ಆದರೆ ರಿಟರ್ನ್ ಹಾಕಲು ಪಾನ್ ಕಾರ್ಡ್ ಬೇಕು. ಪುಟ್ಟತಾಯಿ, "ಓದ್ರೆ ಓಗ್ಲಿ ಬುಡಕ್ಕ, ಮನುಷ್ರು ಮುಖ್ಯ" ಎಂದು ಆ ದುಡ್ಡಿನ ಆಸೆ ಬಿಟ್ಟಳು. ಅವಳ ಭಯಕ್ಕೆ ನಾನು ಒಳಗೊಳಗೇ ನಕ್ಕಿದ್ದೆ. ಈಚೆಗೆ, ರಿಟರ್ನ್ ಹಾಕಿದವರ ರೇಶನ್ ಕಾರ್ಡುಗಳನ್ನು ಪರಿಶೀಲಿಸುತ್ತಾರಂತೆ ಎಂಬ ಸುದ್ದಿ ಊರೂರಲ್ಲಿ ಕೇಳಿಬಂದಾಗಿನಿಂದ ಆ ನಗು ಹೋಗಿದೆ.

ಆಷಾಢದಲ್ಲಿ ಅವಳು ಮತ್ತೆ ಗೇಟಿಗೆ ಬಂದಳು. "ಮದ್ಲಿಂದ ಎಣ್ಸಬೇಕಾ ಅಕ್ಕ?" ಎಂದಳು. ಮೊದಲಿಂದ ಎಂದೆ. "ಎಣ್ಸಾನ ಬುಡಿ" ಎಂದು ಡಬ್ಬಿ ಹಿಡಿದು ಒಳಗೆ ಹೋದಳು.

ಆಮೇಲಿನ ವರ್ಷಗಳು ನನ್ನ ಕೆಲಸದ ಅತ್ಯಂತ ಒಳ್ಳೆಯ ಕಾಲ. ಅದು ಒಳ್ಳೆಯ ಕಾಲ ಎಂದು ಆಗ ಗೊತ್ತಿರಲಿಲ್ಲ, ಯಾವಾಗಲೂ ಹಾಗೇ ಅಲ್ಲವೆ? ಕೆಲಸದ ರೀತಿ ಪೂರ್ತಿ ಬದಲಾಯಿತು. ಮೊದಲು ಅರ್ಜಿ ಎಂದರೆ ರೆವಿನ್ಯೂ ಸ್ಟಾಂಪು, ಹೆಬ್ಬೆಟ್ಟು, ಮ್ಯಾನೇಜರ ಮೊಹರು, ಆಮೇಲೆ ತಿಂಗಳುಗಟ್ಟಲೆ ಕಾಯುವುದು. ಈಗ ಆಧಾರ್, ಫೋನಿಗೆ ಬರುವ ಒಟಿಪಿ, ಮುಗಿಯಿತು. ಕೆಲಸ ಸಲೀಸಾಯಿತು, ಸುಳ್ಳೇಕೆ ಹೇಳಲಿ? ಆದರೆ ಸ್ಟಾಂಪು ಅಂಟಿಸುವ ಹೊತ್ತಿನಲ್ಲಿ ಅವರು ಮಗಳ ಗಂಡನ ಗುಣ, ಅತ್ತೆಯ ಕಾಟ, ಸೂಪರ್‌ವೈಸರನ ಬಾಯಿ, ಎಲ್ಲ ಹೇಳಿಕೊಳ್ಳುತ್ತಿದ್ದರು. ಒಟಿಪಿ ಬರುವಷ್ಟರಲ್ಲಿ ಹೇಳಲು ಯಾರ ಬಳಿಯೂ ಅಷ್ಟು ಸಣ್ಣ ಕಥೆ ಇರುವುದಿಲ್ಲ. ಕೊರೋನಾ ಬಂದಾಗ ಕೆಲಸ ಬಿಡದೆಯೂ ಒಂದಿಷ್ಟು ತೆಗೆಯಬಹುದು, ತೆರಿಗೆ ಇಲ್ಲ ಎಂದರು. ಅಷ್ಟು ವರ್ಷದಲ್ಲಿ ನಾನು ಮುಖ ಅರಳಿಸಿಕೊಂಡು ಹೇಳಿದ ನಿಯಮ ಅದೊಂದೇ. ಪುಟ್ಟತಾಯಿ ಮಾತ್ರ, "ಮುಟ್ಟಾಕಿಲ್ಲ, ಈ ಸಲ ತುಂಬ್ಲಿ" ಎಂದು ಹಟ ಹಿಡಿದಳು. ಕಾರ್ಖಾನೆ ಮುಚ್ಚಿದ್ದ ಆ ಎರಡು ತಿಂಗಳು ಅವರ ಮನೆಯಲ್ಲಿ ಗಂಜಿ, ಸೊಪ್ಪು ಬಿಟ್ಟು ಬೇರೆ ಬೇಯಲಿಲ್ಲ.

ಮತ್ತೆ ಒಂದು ಶಿವರಾತ್ರಿ. ಚಿಕ್ಕ ಮಗಳು ಸುಮಳಿಗೆ ಅರಕಲಗೂಡಿನ ಸಂಬಂಧ ಒಪ್ಪಿತವಾಗಿತ್ತು. ಹುಡುಗ ಡಿಪ್ಲೊಮಾ ಓದಿ ಟ್ರ್ಯಾಕ್ಟರ್ ಷೋರೂಮಿನಲ್ಲಿ ಮೆಕ್ಯಾನಿಕ್. ಮದುವೆ ವೈಶಾಖದಲ್ಲಿ. ಪುಟ್ಟತಾಯಿ ಬಂದು ಮೇಜಿನ ಮೇಲೆ ರಾಜೀನಾಮೆ ಇಟ್ಟಳು. ಈ ಸಲ ಅವಳ ಮುಖದಲ್ಲಿ ನಗು ಇರಲಿಲ್ಲ.

"ಆಷಾಢಕ್ಕೆ ಐದು ತುಂಬುತ್ತೆ ಕಣೇ" ಎಂದೆ. ಅಷ್ಟು ಹೊತ್ತಿಗೆ ಕಣೇ ಅನ್ನುವ ಸಲಿಗೆ ಬೆಳೆದಿತ್ತು. "ಆಷಾಢದಲ್ಲಿ ಬಿಡು, ಎರಡು ತಿಂಗಳು ಕೂತ್ಕೋ. ಪೂರ್ತಿ ದುಡ್ಡು ಬರುತ್ತೆ. ತೆರಿಗೆಯೂ ಇಲ್ಲ, ಪಾನ್ ಕಾರ್ಡೂ ಬೇಡ. ಕಾರ್ತೀಕದಲ್ಲಿ ಮದುವೆ ಮಾಡು."

"ನಂಗೇನೋ ಆಯ್ತು. ಬೀಗ್ರು ಒಪ್ಬೇಕಲ್ಲ? ಮದ್ವೆ ಮುಂದಕ್ಕಾಕಿ ಅಂದ್ರೆ ಎಣ್ಣಲ್ಲೇ ಏನೋ ಐಬೈತೆ ಅಂತಾರೆ. ಒಂದ್ಸಲ ಅಂಗೆ ಮಾತು ಬಂದ್ರೆ ಮುಗೀತು. ನನ್ ಬಾಯಲ್ಲಿ ಅದು ಬರಾಕಿಲ್ಲ ಕಣಕ್ಕ."

"ನಾನು ಹೋಗಿ ಹೇಳ್ತೀನಿ" ಎಂದುಬಿಟ್ಟೆ.

ಯಾಕೆ ಹಾಗೆಂದೆನೋ ತಿಳಿಯದು. ಭಾನುವಾರ ಅರಕಲಗೂಡಿನ ಬಸ್ಸು ಹತ್ತಿದೆ. ನನ್ನ ಕಾಲದ್ದೊಂದು ವಿಷಯ ಇಲ್ಲಿ ಹೇಳಬೇಕು. ಚನ್ನರಾಯಪಟ್ಟಣದಿಂದ ನನಗೂ ಒಂದು ಸಂಬಂಧ ಬಂದಿತ್ತು. ಹುಡುಗ ಮೇಷ್ಟ್ರು. ಬಂದು ನೋಡಿ ಒಪ್ಪಿದ್ದರು. ನಾನೂ ಒಪ್ಪಿದ್ದೆ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ತಮ್ಮನ ಓದು ಮುಗಿಯಲಿ, ಇನ್ನೊಂದು ವರ್ಷ ತಡೆಯೋಣ ಎಂದರು ನಮ್ಮಪ್ಪ. ಹುಡುಗನ ಕಡೆಯವರು ಆಗಲಿ ಎಂದು ಕಾಫಿ ಕುಡಿದು ಹೋದರು. ಶ್ರಾವಣದ ಹೊತ್ತಿಗೆ ಬೇರೆ ಹೆಣ್ಣಿನ ಹೆಸರಿರುವ ಲಗ್ನಪತ್ರಿಕೆ ನಮ್ಮ ಮನೆಗೂ ಬಂತು. ಆಮೇಲೆ ಬಂದ ಸಂಬಂಧಗಳಿಗೆ ನಾನೇ ಒಪ್ಪಲಿಲ್ಲ. ತಡಿ ಎಂಬ ಮಾತು ಏನು ಮಾಡಬಲ್ಲದು ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಬಸ್ಸಿನಲ್ಲಿ ಇರಲಿಲ್ಲ. ಅದೇ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಇನ್ನೊಬ್ಬಳ ಮಗಳಿಗಾಗಿ ಹೊರಟಿದ್ದೆ.

ಹುಡುಗನ ತಾಯಿ ನಿಂಗಮ್ಮ ಜಗುಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸಿ ಬೀಜ ತೆಗೆಯುತ್ತಿದ್ದರು. ನೀರು, ಬೆಲ್ಲ ಕೊಟ್ಟರು. ಮದುವೆಯನ್ನು ಕಾರ್ತೀಕಕ್ಕೆ ಇಟ್ಟುಕೊಳ್ಳಬಹುದೇ ಎಂದು ಕೇಳಿದ ಕೂಡಲೇ ಅವರ ಕೈ ನಿಂತಿತು.

"ಯಾಕವ್ವ? ಎಣ್ಣು ಚೆನ್ನಾಗವ್ಳೆ ತಾನೆ?"

"ಬಂಗಾರದಂಥ ಹುಡುಗಿ ಕಣಮ್ಮ. ಇದು ಅವರಮ್ಮನ ಪಿಎಫ್ ವಿಷಯ." ಐದು ವರ್ಷದ ಕಥೆ ಹೇಳಿದೆ. ಈಗ ಬಿಡಿಸಿದರೆ ತೆರಿಗೆಗೆ ಹೋಗುತ್ತದೆ, ಆಷಾಢ ಕಳೆದರೆ ಉಳಿಯುತ್ತದೆ ಎಂದೆ. ಹೊಲಿಯುವ ಹೆಂಗಸಿನ ದುಡ್ಡಿಗೆ ತೆರಿಗೆಯೇ ಎಂದು ನಗುತ್ತಾರೆ, ನನ್ನನ್ನು ಸುಳ್ಳಿ ಅನ್ನುತ್ತಾರೆ ಎಂದು ಕಾದೆ. ನಿಂಗಮ್ಮ ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟರು.

"ಐದ್ ವರ್ಸನಾ? ಅದುಕ್ಕಾ ಮುರ್ಕೊಂಡಿದ್ದು?" ಎಂದು ಹಣೆ ಚಚ್ಚಿಕೊಂಡರು. "ನಾನೂ ಆಸನ್ದಲ್ಲಿ ಫ್ಯಾಕ್ಟ್ರಿಗೋಗ್ತಿದ್ದೆ ಕಣವ್ವ. ಇವ್ನ್ನ ಓದ್ಸಾಕೆ ಅಂತ ನಾಕ್ ವರ್ಸಕ್ಕೆ ಬಿಡಿಸ್ದೆ. ದುಡ್ಡು ಕಮ್ಮಿ ಬಂತು. ಯಾಕೆ ಅಂತ ಇವತ್ತಿನ್ ಗಂಟ ಒಬ್ರೂ ಯೋಳಿರ್ಲಿಲ್ಲ. ಸೂಪರ್‌ವೈಸರ್ರೇ ತಿಂದ ಅನ್ಕಂಡಿದ್ದೆ. ಅವ್ನ ಮನೆ ಆಳಾಗ ಅಂತ ಎಷ್ಟ್ ಶಾಪ ಆಕಿದ್ದೀನೋ, ಪಾಪದೋನು!"

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಗತೊಡಗಿದರು. ಕಣ್ಣೊರೆಸಿಕೊಂಡು, "ಕಾರ್ತೀಕನೇ ಆಗ್ಲಿ ಬುಡವ್ವ. ನಂದು ಓದಂಗೆ ಅವ್ಳದೂ ಯಾಕೋಗ್ಬೇಕು?" ಎಂದರು.

ಹುಡುಗ ಬಾಗಿಲಲ್ಲಿ ನಿಂತಿದ್ದ. ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ. "ಕಾಯ್ತೀಯೇನಪ್ಪ?"

"ಕಾಯ್ತೀನಿ ಮೇಡಂ" ಎಂದ. ಕಿವಿ ಕೆಂಪಾಗಿತ್ತು.

ವಾಪಸ್ ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಆ ಹುಡುಗ ಹೇಳಿದ ಒಂದೇ ಒಂದು ಮಾತನ್ನು ಆವತ್ತು ಚನ್ನರಾಯಪಟ್ಟಣದಲ್ಲಿ ಒಬ್ಬರು ಹೇಳಿದ್ದರೆ ಎಂದು. ಹೊಟ್ಟೆಕಿಚ್ಚಲ್ಲ. ಸುಮ್ಮನೆ, ಬಹಳ ಆಸೆಯಾಯಿತು.

ಸೋಮವಾರ ಸುದ್ದಿ ಇಡೀ ಕಾರ್ಖಾನೆಗೆ ಹಬ್ಬಿತ್ತು. ರಂಗಸ್ವಾಮಿ ಸರ್ ಕರೆಸಿ, "ಇನ್ಮೇಲೆ ಲಗ್ನ ಇಡೋದೂ ನಮ್ಮ ಆಫೀಸಲ್ಲೇನ್ರೀ?" ಎಂದರು. ಆಮೇಲೆ ಜೇಬಿಗೆ ಕೈ ಹಾಕಿ, ಬಸ್ ಚಾರ್ಜು ಎಂದು ನೋಟು ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಅವರೂ ಅದೇ ವರ್ಷ ನಿವೃತ್ತರಾದರು. ಆ ಅರ್ಧ ನಗುವಿನ ಬೈಗುಳ ಕೇಳಲು ಈಗಲೂ ಮನಸ್ಸಾಗುತ್ತದೆ.

ಆಷಾಢದಲ್ಲಿ ಪುಟ್ಟತಾಯಿ ಕೆಲಸ ಬಿಟ್ಟಳು. ಎರಡು ತಿಂಗಳು ಕಳೆದ ಮೇಲೆ ದುಡ್ಡು ಬಂತು, ಒಂದು ಬಿಡಿಗಾಸೂ ಮುರಿಯದೆ. ಕಾರ್ತೀಕದಲ್ಲಿ ಮದುವೆ. ಖರ್ಚಿನಲ್ಲಿ ಅರ್ಧ ತಮ್ಮದು ಎಂದು ನಿಂಗಮ್ಮ ಪಟ್ಟು ಹಿಡಿದದ್ದರಿಂದ ಪುಟ್ಟತಾಯಿಯ ಕೈಯಲ್ಲಿ ಒಂದಿಷ್ಟು ಉಳಿಯಿತು. ಅದರಲ್ಲಿ ಒಂದು ಸೀಮೆ ಹಸು ಕಟ್ಟಿದಳು. ಸರ್ಕಾರಕ್ಕೆ ಹೋಗಬೇಕಾಗಿದ್ದ ದುಡ್ಡು ಎಂದು ಅವಳ ಗಂಡ ಅದನ್ನು ತೆರ್ಗಮ್ಮ ಎಂದು ಕರೆಯುತ್ತಾನೆ. ಅವಳಿಗೆ ಐವತ್ತಾಗಲು ಇನ್ನೂ ಒಂದು ವರ್ಷವಿತ್ತು. ಮುಂದಿನ ಆಷಾಢದಲ್ಲಿ ಗೇಟಿನ ಹತ್ತಿರ ಬಂದವರಲ್ಲಿ ಪುಟ್ಟತಾಯಿ ಇರಲಿಲ್ಲ. ನಾನೇ ಬಯಸಿ ಮಾಡಿದ ಕೆಲಸ. ಆದರೂ ಮಧ್ಯಾಹ್ನ ಡಬ್ಬಿ ತೆರೆದರೆ ಅರ್ಧ ಚಪಾತಿ ತಿಂದು ಮುಚ್ಚಿಬಿಡುತ್ತಿದ್ದೆ.

ಆಮೇಲೆ ನನ್ನ ಸರದಿ. ಹಾರ, ಶಾಲು, ಒಂದು ಗೋಡೆ ಗಡಿಯಾರ. ಹೊಸ ಮೇಲಧಿಕಾರಿ ಭಾಷಣದಲ್ಲಿ ನನ್ನ ಪಿಎಫ್ ಖಾತೆಯನ್ನು ಹೊಗಳಿದರು. ಸೇರಿದಂದಿನಿಂದ ಒಂದು ಸಲವೂ ಮುಂಗಡ ತೆಗೆದಿಲ್ಲ, ಮಧ್ಯೆ ಬಿಟ್ಟಿಲ್ಲ, ಇದು ಮಾದರಿ ಖಾತೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಬಿಡಿಸಿಕೊಳ್ಳಲು ಬಂದವರೆಲ್ಲರ ಹತ್ತಿರ ಒಂದು ಕಾರಣ ಇರುತ್ತಿತ್ತು. ಮಗಳ ಮದುವೆ, ಸೊಸೆಯ ಬಾಣಂತನ, ಮನೆಗೆ ಸೂರು, ಗಂಡನ ಆಪರೇಷನ್ನು. ನನ್ನ ದುಡ್ಡನ್ನು ಯಾರೂ ಕೈಹಿಡಿದು ಎಳೆಯಲಿಲ್ಲ, ಅದಕ್ಕೇ ಅದು ನಿಯಮ ಮೀರಲಿಲ್ಲ. ಪೂರ್ತಿ ಮೊತ್ತ ಬಂತು. ಏನು ಮಾಡುವುದೆಂದು ತಿಳಿಯದೆ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟೆ. ಆ ಗೋಡೆ ಗಡಿಯಾರವನ್ನು ಅಡುಗೆಮನೆಯಲ್ಲಿ ಹಾಕಿದ್ದೇನೆ. ಒಂಟಿಯಾಗಿ ಕೂತು ಗಂಟೆ ನೋಡುತ್ತ ಉಣ್ಣುತ್ತೇನೆ.

ಹೋದ ವಾರ ಪುಟ್ಟತಾಯಿ ಫೋನು ಮಾಡಿದಳು. ಸುಮ ಹೆಣ್ಣುಮಗುವನ್ನು ಎತ್ತಿಕೊಂಡು ತವರಿಗೆ ಬಂದಿದ್ದಾಳೆ, ಊಟಕ್ಕೆ ಬಾ ಎಂದಳು. ಕಟ್ಟಾಯಕ್ಕೆ ಹೋದೆ. ಮುದ್ದೆ, ಬಸ್ಸಾರು, ಮೇಲೆ ತೆರ್ಗಮ್ಮನ ಮೊಸರು. ಪುಟ್ಟತಾಯಿ ಚಕ್ಕಳಮಕ್ಕಳ ಹಾಕಿ ಕೂತು, ಮಧ್ಯೆ ಮಧ್ಯೆ ಮಾತಾಡುತ್ತ, ಮೊಮ್ಮಗಳ ಬಾಯಿಗೆ ಮೊಸರನ್ನ ನೆಕ್ಕಿಸುತ್ತ, ಎಷ್ಟೋ ಹೊತ್ತು ಉಂಡಳು. ನನ್ನ ತಟ್ಟೆ ಆಗಲೇ ಖಾಲಿಯಾಗಿತ್ತು.

"ನಿಂಗಿನ್ನೂ ಬೆಲ್ಲು ಒಡೀತಾ ಐತೆ ಕಣಕ್ಕ" ಎಂದಳು. ನಾನು ನಗಲು ನೋಡಿದೆ.

ಮಗುವಿಗೆ ಮುಂದಿನ ವಾರ ಕಿವಿ ಚುಚ್ಚಿಸುವುದೆಂದು ಗೊತ್ತಾಗಿತ್ತು. ನಮ್ಮ ಕಡೆ ಕಿವಿಗೆ ಚಿನ್ನ ತರುವವನು ಸೋದರಮಾವ. ಸುಮಳಿಗೆ ಅಣ್ಣತಮ್ಮಂದಿರಿಲ್ಲ. ಓಲೆ ಯಾರು ತರುತ್ತಾರೆ ಎಂದು ಕೇಳಿದೆ.

"ನೀನು" ಎಂದಳು ಪುಟ್ಟತಾಯಿ, ಮಜ್ಜಿಗೆಗೆ ಉಪ್ಪು ಬೇಕಾ ಅನ್ನುವಷ್ಟು ಸಲೀಸಾಗಿ. "ಇವ್ಳಪ್ಪ ಕಾಯ್ತೀನಿ ಅಂದಿದ್ದು ನಿನ್ ಮುಂದೆ. ಈ ಮನೇಲಿ ಇವ್ಳ ಕಿವಿಗೆ ನಿನ್ಗಿಂತ ಅಕ್ಕು ಇರೋರು ಯಾರವ್ರೆ? ಊರೋರ್ಗೆಲ್ಲ ತಡಿ ತಡಿ ಅಂದಿದ್ದಾಯ್ತು. ನಿಂದ್ ಯಾವತ್ತು ಬಿಡಿಸ್ತೀಯ?"

ಸುಮ ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಬಸ್ಸಿಗೆ ಹೊತ್ತಾಯಿತು ಎಂದು ಏಳಬೇಕಾದವಳು ಏಳಲಿಲ್ಲ. ಇಷ್ಟು ವರ್ಷ ನನ್ನ ಮೇಜಿನ ಮುಂದೆ ನಿಂತವರ ಮುಖದಲ್ಲಿ ಇರುತ್ತಿದ್ದದ್ದು ಏನೆಂದು ಆಗ ತಿಳಿಯಿತು. ಕಾವ್ಯ, ನಿಯಮ ಹೇಳು, ತಡಿ ಎಂದೂ ಹೇಳು, ಅದು ನಿನ್ನ ಕೆಲಸ. ಆದರೂ ಬಿಡಿಸಿಕೊಂಡು ಹೋಗುತ್ತೇನೆ ಅನ್ನುವವಳನ್ನು ದಡ್ಡಿ ಅಂದುಕೊಳ್ಳಬೇಡ.

ಮಾರನೆಯ ಬೆಳಿಗ್ಗೆ ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗ ಒಳ್ಳೆಯವನು, ಕಂಪ್ಯೂಟರ್ ನೋಡಿ, "ಮೇಡಂ, ಈಗ ಮುರಿಸಿದ್ರೆ ಬಡ್ಡಿ ಕಮ್ಮಿಯಾಗುತ್ತೆ, ಸ್ವಲ್ಪ ಕಡಿತಾನೂ ಇದೆ. ಇನ್ನು ಮೂರು ತಿಂಗಳು ತಡೀರಿ, ಪೂರ್ತಿ ಬರುತ್ತೆ" ಎಂದ. ದನಿ ಸಹ ನನ್ನದೇ ಇದ್ದ ಹಾಗಿತ್ತು.

"ಮಗೂ ಕಿವಿ ಅಷ್ಟು ದಿನ ಕಾಯುತ್ತೇನಪ್ಪ?" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ. ಎಷ್ಟು ಕಡಿತವಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ. ನನ್ನ ಹೆಸರಿನಲ್ಲಿ ಆದ ಮೊದಲ ಕಡಿತ. ಚೀಟಿಯನ್ನು ಮಡಿಚಿ ಪರ್ಸಿನಲ್ಲಿಟ್ಟುಕೊಂಡು ಅಕ್ಕಸಾಲಿಗರ ಬೀದಿಯ ಕಡೆ ಹೊರಟೆ.